ನಾಗಲೆಯ ಒಡೆದ ದನಿ

ಹತ್ತಿರ ಬನ್ನಿ ಮಕ್ಕಳೇ, ಹೇಳ್ತೀನಿ. ಬೆಳ್ಳಿಗಿರಿ ಅನ್ನೋ ರಾಜ್ಯದಲ್ಲಿ ನಾಗಲೆ ಅಂತ ಒಬ್ಬ ಹಾಡುಗಾರ್ತಿ ಇದ್ದಳು. ಕೆಳಗಿನ ಸ್ವರಗಳಲ್ಲಿ ಅವಳ ದನಿ ಜೇನು ಸುರಿದ ಹಾಗೆ. ಮೇಲಕ್ಕೆ ಹೊರಟರೆ ಮಾತ್ರ ನಡುದಾರಿಯಲ್ಲಿ ಪಟ್ಟಂತ ಒಡೆದು ಕೀರಲಾಗುತ್ತಿತ್ತು.

ಹುಣ್ಣಿಮೆಗೆ ಅವಳು ರಾಣಿಯ ಮುಂದೆ ಹಾಡಬೇಕು. ಗೆದ್ದರೆ ಅರಮನೆಯಲ್ಲಿ ಜಾಗ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಹೆದರಿದ ನಾಗಲೆ ಆಸ್ಥಾನ ಗಾಯಕ ವಿರೂಪಯ್ಯನ ಕಾಲಿಗೆ ಬಿದ್ದಳು. ಇವಳು ಕಲಿತರೆ ತನ್ನನ್ನು ಯಾರು ಕೇಳ್ತಾರೆ ಅಂತ ಅವನಿಗೆ ಒಳಗೇ ಹೊಟ್ಟೆಯುರಿ.

"ಗದ್ದ ಮೇಲೆತ್ತಿ ಹಾಡಮ್ಮ," ಅಂದ. ಎತ್ತಿದಳು. ಗಂಟಲು ಬಿಗಿಯಿತು.

ಮರುದಿನ, "ಗದ್ದ ಬಿಡು, ಶಕ್ತಿಯೆಲ್ಲ ಹಾಕಿ ಕೂಗು," ಅಂದ. ಕೂಗಿದಳು. ದನಿ ಕಟ್ಟಿತು.

ಅದರ ಮರುದಿನ, "ಕೂಗು ಅಂದವರಾರು? ಉಸಿರು ಬಿಗಿಹಿಡಿ!" ಅಂದ. ಹಿಡಿದಳು. ದನಿಯೇ ಹೊರಡಲಿಲ್ಲ.

ಪಾಪ, ಅವಳ ತಲೆ ಕಲಸುಮೇಲೋಗರವಾಯಿತು. ನಿನ್ನೆಯದು ಸರಿಯೋ, ಇವತ್ತಿನದು ಸರಿಯೋ? ಉಣ್ಣಲು ಕೂತರೂ ಗದ್ದ ಎತ್ತಲೋ ಇಳಿಸಲೋ ಅನ್ನೋ ಗೊಂದಲ. ಕೊನೆಗೊಂದು ಮಾತು ಹೊಳೆಯಿತು. ಈ ಗುರುಗಳು ಹಾಡುವಾಗ ತಾವೇನು ಮಾಡ್ತಾರೆ?

ಹುಣ್ಣಿಮೆ ಬಂತು. ನಾಗಲೆ ಸಭೆಯಲ್ಲಿ ಕೈಮುಗಿದಳು.

"ಮಹಾರಾಣಿ, ಗದ್ದ ಎತ್ತು ಅಂದರು, ಕೂಗು ಅಂದರು, ಉಸಿರು ಹಿಡಿ ಅಂದರು. ಯಾವುದು ಸರಿಯೋ ತಿಳೀದು. ಗುರುಗಳೇ ಒಮ್ಮೆ ಹಾಡಿ ತೋರಿಸಲಿ."

"ಹಾಡಿ, ವಿರೂಪಯ್ಯನವರೇ," ಅಂದಳು ರಾಣಿ.

ವಿರೂಪಯ್ಯ ಬೆವೆತ. ತಾನು ಹೇಳಿಕೊಟ್ಟಂತೆ ಹಾಡಿದರೆ ದನಿ ಒಡೆದು ಮಾನ ಹೋಗುತ್ತೆ. ಸರಿಯಾಗಿ ಹಾಡಿದರೆ ಗುಟ್ಟು ರಟ್ಟಾಗುತ್ತೆ. ಮಾನವೇ ದೊಡ್ಡದಾಗಿ ಕಂಡಿತು. ಹಾಡಿದ.

ನಾಗಲೆ ಕಣ್ಣು ಮಿಟುಕಿಸಲಿಲ್ಲ. ಅವನ ಗದ್ದ ಏಳಲಿಲ್ಲ, ಹೆಗಲು ಬಿಗಿಯಲಿಲ್ಲ. ದನಿ ಒಡೆಯುವ ಜಾಗ ಬರುವ ಮೊದಲೇ ಅವನು ದನಿಯನ್ನು ಮೆಲ್ಲಗೆ ಹಗುರ ಮಾಡಿದ. ಆಕಳಿಸುವವನಂತೆ ಬಾಯೊಳಗೆ ಜಾಗ ಬಿಟ್ಟ. ಉಸಿರು ಹರಿಯುತ್ತಲೇ ಇತ್ತು. ಮೇಲಿನ ಸ್ವರ ಸೇರಿದ ಮೇಲೆಯೇ ದನಿ ತುಂಬಿಕೊಂಡ.

ಈಗ ನಾಗಲೆಯ ಸರದಿ. ಮೊದಲ ಸಲ ದನಿ ತುಸು ನಡುಗಿತು. ಎರಡನೇ ಸಲ ನಡುಕ ಕಡಿಮೆಯಾಯಿತು. ಮೂರನೇ ಸಲ, ದನಿ ಎಲ್ಲಿ ಬದಲಾಯಿತು ಅಂತ ಯಾರಿಗೂ ತಿಳಿಯದ ಹಾಗೆ ಮೇಲೇರಿ ನಿಂತಿತು. ಸಭೆ ತಲೆದೂಗಿತು.

ರಾಣಿ ಕೇಳಿದಳು: "ವಿರೂಪಯ್ಯನವರೇ, ಅವಳಿಗೆ ಹೇಳಿಕೊಟ್ಟದ್ದರಲ್ಲಿ ಒಂದನ್ನೂ ನೀವು ಮಾಡಲಿಲ್ಲವಲ್ಲ?"

ಅವನು ತಲೆ ತಗ್ಗಿಸಿದ. ಅರಮನೆಯ ಜಾಗ ನಾಗಲೆಗೆ ಸಿಕ್ಕಿತು.

ನೋಡಿದಿರಾ ಮಕ್ಕಳೇ? ಕಲಿಯಲು ಬಂದವರಿಗೆ ಬೇಕಂತಲೇ ತಪ್ಪು ಹೇಳಿಕೊಟ್ಟರೆ ಒಂದು ದಿನ ತಾನೇ ಸಿಕ್ಕಿಬೀಳಬೇಕು. ತಿಳಿಯದಿದ್ದರೆ ತಿಳೀಲಿಲ್ಲ ಅಂತ ಕೇಳೋಕೆ ನೀವು ಮಾತ್ರ ನಾಚಬೇಡಿ.