ಊಹಿಸಿ ಬರೆದ ಅಂಕಿ

“ಗುರುಗಳೇ, ಕೈಯಿಂದ ಏನನ್ನೂ ಮುಟ್ಟದೆ, ಬರೀ ಲೆಕ್ಕದಿಂದಲೇ ಸತ್ಯವನ್ನು ಹಿಡಿದವನು ಎಲ್ಲರಿಗಿಂತ ದೊಡ್ಡವನಲ್ಲವೇ?” ಎಂದು ಶಿಷ್ಯ ಕೇಳಿದ.

“ಅಂಥವನೊಬ್ಬನಿದ್ದ,” ಎಂದರು ಗುರುಗಳು. “ನಾನು ಹೇಳುವುದನ್ನು ನೀನು ನಂಬುವುದಿಲ್ಲ. ಆಗಲಿ, ನಂಬದೆಯೇ ಕೇಳು.”

ಒಬ್ಬ ವಿಜ್ಞಾನಿ. ಹಳ್ಳಿಯಲ್ಲಿ ಹುಟ್ಟಿ, ಪಟ್ಟಣದ ಪಂಡಿತರನ್ನೆಲ್ಲ ತನ್ನ ಕರಿಹಲಗೆಯ ಮುಂದೆ ಕೂರಿಸಿಕೊಂಡವನು. ಅವನ ಕೈಗೆ ಸೀಮೆಸುಣ್ಣ ಬಿಟ್ಟರೆ ಬೇರೇನೂ ಅಂಟಿದ್ದಿಲ್ಲ. ಕಣ್ಣಾರೆ ನೋಡದ ಒಂದು ಲೋಹದ ಗುಣವನ್ನು ಅವನು ಕೂತಲ್ಲೇ ಹೇಳಿದ: ಎರಡು ತುಂಡು ದೂರವಿದ್ದರೆ ಸುಮ್ಮನಿರುತ್ತವೆ, ನಡುವಿನ ಅಂತರ ಒಂದು ಬೆರಳಗಲಕ್ಕೆ ಇಳಿದರೆ ಕಾಣದ ಬೆಂಕಿ ಎದ್ದು, ಹತ್ತಿರವಿದ್ದವರನ್ನು ಒಳಗಿನಿಂದ ಸುಡುತ್ತದೆ.

ಆ ಲೆಕ್ಕದ ನಡುವೆ ಒಂದು ಅಂಕಿಯನ್ನು ಅವನು ಊಹಿಸಿ ಬರೆದಿದ್ದ. ಅದು ಅವನೊಬ್ಬನಿಗೇ ಗೊತ್ತಿತ್ತು.

ಪರೀಕ್ಷಿಸಿ ನೋಡಲು ಹೊರಟವನು ಅವನ ಗೆಳೆಯ, ಪ್ರಯೋಗಶಾಲೆಯಲ್ಲಿ ಕೈಯಾರೆ ಕೆಲಸ ಮಾಡುವವನು. “ಎರಡು ಬೆರಳಗಲಕ್ಕೇ ನಿಲ್ಲಿಸಿ, ಬಿಸಿ ಅಳೆದು ಬರುತ್ತೇನೆ. ನಿನ್ನ ಒಂದು ಬೆರಳಿನ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಆದೀತೇನೋ?” ಎಂದ.

ಸುತ್ತ ವಿದ್ಯಾರ್ಥಿಗಳು ನಿಂತಿದ್ದರು. ಗೊತ್ತಿಲ್ಲ ಎಂಬ ಮಾತು ವಿಜ್ಞಾನಿಯ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. “ಹೆಚ್ಚುಕಡಿಮೆ ಆಗೋದಕ್ಕೆ ಇದೇನು ನಿನ್ನ ಹೆಂಡತಿ ಸಾರಿಗೆ ಹಾಕೋ ಉಪ್ಪೇನೋ? ಹೋಗಿ ಬಾ,” ಎಂದ. ಎಲ್ಲರೂ ನಕ್ಕರು. ಗೆಳೆಯನೂ ನಗುತ್ತ ಒಳಗೆ ಹೋದ.

ಎರಡು ಬೆರಳಗಲದಲ್ಲೇ ಬೆಂಕಿ ಎದ್ದಿತು. ಗೆಳೆಯ ಬರಿಗೈಯಿಂದ ತುಂಡುಗಳನ್ನು ಎಳೆದು ಬೇರೆ ಮಾಡಿ, ನಡೆದೇ ಹೊರಗೆ ಬಂದ. ಒಂಬತ್ತು ದಿನ ಬದುಕಿದ್ದ. ಕೊನೆಯ ದಿನ ವಿಜ್ಞಾನಿಯನ್ನು ಕರೆಸಿ, “ಸರಿಯಾಗಿ ಎರಡಕ್ಕೇ ನಿಲ್ಲಿಸಿದ್ದೆ ಕಣೋ. ಎಲ್ಲಿ ತಪ್ಪಿತು?” ಎಂದು ಕೇಳಿದ.

“ನಿನ್ನ ಕೈ ನಡುಗಿರಬೇಕು,” ಎಂದ ವಿಜ್ಞಾನಿ.

ಗೆಳೆಯ ಬಟ್ಟೆ ಸುತ್ತಿದ ತನ್ನ ಕೈಗಳನ್ನು ನೋಡಿಕೊಂಡ. “ಇರಬಹುದು,” ಎಂದು ಕಣ್ಣು ಮುಚ್ಚಿದ.

ಮಣ್ಣು ಮಾಡಿ ಬಂದ ದಿನವೇ ವಿಜ್ಞಾನಿ ಊಹೆಯ ಅಂಕಿಯನ್ನು ಅಳಿಸಿ, ಉತ್ತರ ಎರಡು ಬರುವಂತೆ ತಿದ್ದಿದ. ಈಗ ಲೆಕ್ಕ ಸರಿಹೋಯಿತು. ಅದರಿಂದ ಊರುಗಳಿಗೆ ಬೆಳಕು ಬಂತು, ಸೈನ್ಯಗಳಿಗೆ ಬಾಂಬೂ ಬಂತು. ಎರಡು ಬೆರಳು ಎಂಬ ಉತ್ತರ ಎಲ್ಲಿಂದ ಬಂತೆಂದು ಕೇಳಿದವರಿಗೆಲ್ಲ ಅವನು ಕರಿಹಲಗೆಯನ್ನೇ ತೋರಿಸಿದ.

ಗುರುಗಳು ಕತೆ ನಿಲ್ಲಿಸಿದರು.

“ಕೊನೆಗೆ ಅವನಿಗೆ ಏನು ಸಿಕ್ಕಿತು?” ಎಂದ ಶಿಷ್ಯ.

“ಆ ಎರಡು ಬೆರಳಗಲಕ್ಕೆ ಅವನ ಹೆಸರಿಟ್ಟರು.”