ಪುಟ್ಟತಾಯಮ್ಮನ ಜಗಲಿ

ಒಂದು ಊರಿಗೆ ಪ್ರತಿ ಸೋಮವಾರ ಗಿರಿಯಣ್ಣ ಎಂಬ ಬಳೆಗಾರ ಬರುತ್ತಿದ್ದ. ಹೆಗಲ ಮೇಲಿನ ಬಳೆಯ ಮಲಾರವನ್ನು ಪುಟ್ಟತಾಯಮ್ಮನ ಮನೆಯ ಜಗಲಿಯ ಮೇಲೆ ಇಳಿಸುತ್ತಿದ್ದ. ಆ ಬೀದಿಯಲ್ಲಿ ಅಷ್ಟು ಅಗಲವಾದ, ನೆರಳಿನ ಜಗಲಿ ಬೇರೆ ಇರಲಿಲ್ಲ. ಕೇರಿಯ ಹೆಂಗಸರು, ಮಕ್ಕಳೆಲ್ಲ ಅಲ್ಲಿ ಸೇರುತ್ತಿದ್ದರು. ಬಳೆ ಕೊಳ್ಳುವುದು ಒಂದು ನೆಪ, ಅಷ್ಟೆ. ಮಾತು, ನಗು, ಚಾಡಿ ಎಲ್ಲವೂ ಅಲ್ಲೇ.

ಒಂದು ವರ್ಷ ಪುಟ್ಟತಾಯಮ್ಮನ ಗಂಡ ತೀರಿಕೊಂಡ. ಗಿರಿಯಣ್ಣ ಮೃದು ಮನಸ್ಸಿನವನು. 'ಪಾಪ, ಬಳೆ ತೆಗೆದ ಕೈಯ ಎದುರಿಗೆ ಬಳೆ ಹರಡುವುದೇ?' ಎಂದು ಮರುಗಿದ. ಅಂದಿನಿಂದ ಮೂರು ಮನೆ ಆಚೆಯ ಜಗಲಿಯಲ್ಲಿ ಮಲಾರ ಇಳಿಸತೊಡಗಿದ. ಅವಳ ಮನೆಯ ಮುಂದೆ ಕೂಗುವುದನ್ನೂ ಬಿಟ್ಟ. ಅವನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಇದನ್ನು ನಾವು ಮರೆಯಬಾರದು.

ಈ ಸಂಗತಿ ತಿಳಿದು ಅವನ ಹೆಂಡತಿ ದ್ಯಾವಮ್ಮ ಕೇಳಿದಳು: "ಅವರೇ ಬೇಡ ಅಂದ್ರಾ?"

"ಕೇಳೋಕೆ ಬಾಯಿ ಬರುತ್ತೇನೇ? ಅವರ ದುಃಖ ನಂಗೆ ಅರ್ಥ ಆಗುತ್ತೆ."

"ಎಲ್ಲಿ ಕೂತು ಅರ್ಥ ಮಾಡ್ಕೊಂಡ್ರಿ? ಮೂರು ಮನೆ ಆಚೆ ಕೂತಾ? ಬರೋ ಸೋಮವಾರ ಮಲಾರ ಅಲ್ಲೇ ಬಿಟ್ಟು, ಅವರ ಜಗಲಿ ಮೇಲೆ ಒಂದು ಗಳಿಗೆ ಕೂತು ಬನ್ನಿ."

ಗಿರಿಯಣ್ಣ ಹಾಗೇ ಮಾಡಿದ. ಪುಟ್ಟತಾಯಮ್ಮ ಅವನಿಗೆ ನೀರು ಕೊಟ್ಟು ಹೊಸ್ತಿಲ ಬಳಿ ಕೂತಳು. ಅಷ್ಟರಲ್ಲಿ ಮೂರು ಮನೆ ಆಚೆ ಹೆಂಗಸರು ಗೊಳ್ಳೆಂದು ನಕ್ಕರು. ಪುಟ್ಟತಾಯಮ್ಮ ತಟ್ಟನೆ ಕತ್ತೆತ್ತಿದಳು. ಮತ್ತೆ ತಲೆ ತಗ್ಗಿಸಿದಳು. ಇನ್ನೊಮ್ಮೆ ನಗು ಬಂತು. ಈ ಸಲ ಗಿರಿಯಣ್ಣನ ಎದೆಗೂ ಏನೋ ಚುಚ್ಚಿತು. ಅದೇ ನಗುವಿನ ನಡುವೆ ಅವನು ಎಷ್ಟೋ ಸೋಮವಾರ ಕೂತಿದ್ದ. ಇಲ್ಲಿ ಕೂತರೆ ಅದು ಹೀಗೆ ಕೇಳಿಸುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

"ಅವ್ವಾ, ಬಳೆ ನೋಡಿದ್ರೆ ನಿಮಗೆ ನೋವಾಗುತ್ತೆ ಅಂದ್ಕೊಂಡೆ."

"ಆಗುತ್ತಪ್ಪ, ಆಗಲ್ಲ ಅಂತ ಯಾಕೆ ಹೇಳ್ಲಿ? ಆದ್ರೆ ಯಜಮಾನ್ರನ್ನ ಕರ್ಕೊಂಡು ಹೋದವನು ಯಮ. ಕೇರಿಯವರನ್ನೆಲ್ಲ ನನ್ನ ಜಗಲಿಯಿಂದ ಎಬ್ಬಿಸ್ಕೊಂಡು ಹೋದವನು ನೀನು."

ಗಿರಿಯಣ್ಣ ಎದ್ದು ಹೋಗಿ ಮಲಾರ ಹೊತ್ತು ತಂದು ಅವಳ ಜಗಲಿಯ ಮೇಲೆ ಇಳಿಸಿದ. ಹಿಂದೆಯೇ ಬಂದ ಹೆಂಗಸರು ಕೆಳಗೇ ನಿಂತರು. ಹತ್ತುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನ್ರೇ, ಜಗಲಿ ಹತ್ತೋಕೂ ನಿಮಗೆ ವೀಳ್ಯ ಕೊಟ್ಟು ಕರೀಬೇಕಾ?" ಎಂದಳು ಪುಟ್ಟತಾಯಮ್ಮ.

ಹೆಂಗಸರು ನಗುತ್ತಾ ಹತ್ತಿದರು. ಒಂದು ಪುಟ್ಟ ಹುಡುಗಿ ಎಲ್ಲರಿಗಿಂತ ಮುಂದೆ ಕೈ ಚಾಚಿದಳು. ಗಿರಿಯಣ್ಣ ಬಳೆ ಏರಿಸುವಾಗ ಮಗುವಿನ ಮುಖ ಕಿವುಚಿಕೊಂಡಿತು.

"ನಿಧಾನ ಕಣೋ! ಕೈ ಅದು, ಕಬ್ಬಲ್ಲ!" ಎಂದು ಪುಟ್ಟತಾಯಮ್ಮ ಗದರಿ, ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟ ದಿನ ಗಿರಿಯಣ್ಣನ ಬಾಳಿನಲ್ಲಿ ಇನ್ನೊಂದಿರಲಿಲ್ಲ.

ನೀತಿ: ಪಾಪ ಎಂದು ದೂರದಿಂದ ಮರುಗುವುದು ಅನುಕಂಪ. ಅವರು ಕೂತ ಕಡೆ ಕೂತು, ಅವರಿಗೆ ಕೇಳಿಸುವುದನ್ನು ನಾವೂ ಕೇಳಿಸಿಕೊಳ್ಳುವುದು ಸಹಾನುಭೂತಿ. ಮೊದಲನೆಯದು ತಪ್ಪೆಂದು ಹೇಳುತ್ತಿಲ್ಲ, ಆದರೆ ಅದು ಸಾಲದು. ನೊಂದವರಿಗೆ ಏನು ಬೇಕೆಂದು ನಾವೇ ತೀರ್ಮಾನಿಸುವ ಮೊದಲು, ಅವರನ್ನೇ ಒಂದು ಮಾತು ಕೇಳಬೇಕು.