ಎಲ್ಲ ಕರೆಯೂ ಸಾಹೇಬರ ಮೇಜಿಗೇ

ಆಫೀಸಿಗೆ ಹೊಸ ಇಂಟರ್ನೆಟ್ ಫೋನುಗಳು ಬಂದ ದಿನವೇ ಮ್ಯಾನೇಜರ್ ಪುಟ್ಟಬಸವಯ್ಯ ಗುಡುಗಿದರು: "ಯಾರು ಯಾರಿಗೇ ಫೋನ್ ಮಾಡಲಿ, ಆ ಕರೆ ಮೊದಲು ನನ್ನ ಮೇಜಿಗೆ ಬರಬೇಕು. ಇವತ್ತೇ ಆಗದಿದ್ದರೆ ನಿಮಗೆ ವರ್ಗಾವಣೆ!"

"ಯಾರನ್ನೂ ಬಿಡದೆಯಾ ಸರ್?" ಎಂದಳು ಫೋನು ನೋಡಿಕೊಳ್ಳುವ ವಾರಿಜಾ.

"ಒಬ್ಬರನ್ನೂ ಬಿಡಬೇಡಿ!"

ವಾರಿಜಾ ಒಂದೊಂದೇ ಫೋನು ಹಿಡಿದು ಕೂರಲಿಲ್ಲ. ನೆಟ್‌ವರ್ಕಿನ ಸೆಟ್ಟಿಂಗಿನಲ್ಲಿ ಆ ಅಪ್ಪಣೆಯನ್ನು ಒಮ್ಮೆ ಹಾಕಿಟ್ಟಳು. ವೈರು ಚುಚ್ಚಿದ್ದೇ ತಡ, ಎಲ್ಲ ಫೋನುಗಳೂ ತಾವಾಗಿಯೇ ಅದನ್ನು ತೆಗೆದುಕೊಂಡು ಸಿದ್ಧವಾದವು.

ಆಮೇಲೆ ಶುರುವಾಯಿತು. ಸಾಹೇಬರು ರಿಸೀವರ್ ಎತ್ತಿದರೆ, ಕ್ಯಾಂಟೀನಿಗೆಂದು ಮಾಡಿದ ಯಾರದೋ ದನಿ: "ಲೋ ಸೀನ, ಎರಡು ಟೀ ಕಳಿಸೋ!" ಇಟ್ಟ ಕೂಡಲೇ ಮತ್ತೆ ಟ್ರಿಣ್: "ಆ ಪುಟ್ಟಬಸವಯ್ಯ ಊಟಕ್ಕೆ ತೊಲಗಿದನೇನ್ರೀ?"

ಸಾಹೇಬರು ರಿಸೀವರನ್ನು ಕುಕ್ಕಿದರು. ಬೆವರು ಒರೆಸಿಕೊಂಡು ವಾರಿಜಾಳ ನಂಬರು ಒತ್ತಿದರು. ಎಂಗೇಜ್. ಮತ್ತೆ ಒತ್ತಿದರು. ಎಂಗೇಜ್! ಎದ್ದು ಅವಳ ಹತ್ತಿರವೇ ಓಡಿದರು.

"ಇಷ್ಟು ಹೊತ್ತಿಂದ ಯಾರ ಜೊತೇರೀ ಹರಟೆ?"

"ನನ್ನ ಫೋನು ರಿಂಗೇ ಆಗಿಲ್ಲ ಸರ್. ನೀವು ಮಾಡಿದ್ದೂ ಮೊದಲು ನಿಮ್ಮ ಮೇಜಿಗೇ ಹೋಗಿದೆ. ಅಲ್ಲಿ ರಿಸೀವರ್ ನಿಮ್ಮ ಕೈಯಲ್ಲೇ ಇತ್ತಲ್ಲ!"